ದೊಡ್ಡಕ್ಕನ ಹೆಸರಲ್ಲಿ ಇಪ್ಪತ್ತೈದು

ಮಾರ್ಚ್ 3, ಸೋಮವಾರ

ಇವತ್ತೂ ಎಂಟೂವರೆಗೇ ಆಸ್ಪತ್ರೆ. ರೆಕಾರ್ಡ್ ರೂಮಿನ ಬೀಗ ತೆಗೆದು, ಐದು ಕಂಪ್ಯೂಟರ್ ಆನ್ ಮಾಡಿ, ಐದಕ್ಕೂ ಪಾಸ್‌ವರ್ಡ್ ನಾನೇ ಹಾಕಿದೆ. ಯಾರಿಗೂ ನೆನಪಿರುವುದಿಲ್ಲ. 'ಬದಲಾವಣೆ ಸಂಯೋಜಕಿ' ಎಂದು ನನ್ನ ಕೊರಳಿಗೊಂದು ಕಾರ್ಡು ನೇತುಹಾಕಿದ್ದಾರೆ. ಅರ್ಥ ಇಷ್ಟೇ — ಕಪಾಟಿನಲ್ಲಿರುವ ರೋಗಿಗಳ ಫೈಲೆಲ್ಲ ಕಂಪ್ಯೂಟರಿಗೆ ಹೋಗಬೇಕು, ಹೇಗೆಂದು ಈ ಐವರಿಗೆ ನಾನು ಕಲಿಸಬೇಕು, ಅವರು ಮುಖ ಸಿಂಡರಿಸಿದರೆ ಅದನ್ನೂ ನಾನೇ ನೋಡಬೇಕು.

ನಾಲ್ವರು ಹೇಗೋ ದಾರಿಗೆ ಬಂದರು. ದೊಡ್ಡಕ್ಕ... ಇಪ್ಪತ್ತೇಳು ವರ್ಷ ಇದೇ ಕೋಣೆಯಲ್ಲಿ ಇದ್ದವರು. ಹೊಸದಾಗಿ ಸೇರಿದಾಗ ನನಗೆ ಕೆಲಸ ಕಲಿಸಿದವರು. ಇವತ್ತು ಡಾಕ್ಟರು ಒಂದು ಫೈಲು ಕೇಳಿದರು. ದೊಡ್ಡಕ್ಕ ಎದ್ದು ಹೋಗಿ ಕಪಾಟಿನಿಂದ ತಂದರು. ನಂಬರ್ ನೋಡಿಕೊಂಡು ಕಂಪ್ಯೂಟರಿನಲ್ಲಿ ಒತ್ತಿ, ಫೈಲು ಎಲ್ಲಿದೆ ಎಂದು ಅದು ತೋರಿಸುವವರೆಗೆ ಕಾದರು. ಫೈಲು ತೊಡೆಯ ಮೇಲೇ ಇತ್ತು.

"ಅದು ಸರಿಯಾಗಿ ಹೇಳುತ್ತಾ ಅಂತ ನೋಡ್ದೆ ಕಣೇ" ಎಂದರು. ನಗಲೂ ತ್ರಾಣವಿಲ್ಲ ನನಗೆ.

ಮಾರ್ಚ್ 5, ಬುಧವಾರ

ಸೂಪರಿಂಟೆಂಡೆಂಟರ ಸುತ್ತೋಲೆ ಬಂತು. ಇಪ್ಪತ್ತನೇ ತಾರೀಖಿನ ಹೊತ್ತಿಗೆ ಪ್ರತಿಯೊಬ್ಬರ ಕೈ ದಿನಕ್ಕೆ ನಲವತ್ತು ಫೈಲಿಗೆ ಕುದುರಿರಬೇಕು. ಆಗದವರು ಹಳೇ ಫೈಲುಗಳ ಜೊತೆ ಊರಾಚೆಯ ಗೋದಾಮಿಗೆ. ಎರಡು ಬಸ್ಸು ಬದಲಿಸಿ ಹೋಗಬೇಕು. ಉಸಿರಾಡಿದರೆ ಧೂಳು. ದೊಡ್ಡಕ್ಕನ ಚೀಲದಲ್ಲಿ ಯಾವಾಗಲೂ ಇನ್‌ಹೇಲರ್ ಇರುತ್ತದೆ.

ಅವರದು ಇವತ್ತು ಒಂಬತ್ತು ಫೈಲು.

ಮನೆಯಲ್ಲಿ ಇವರ ಹತ್ತಿರ ಹೇಳಿಕೊಂಡೆ. ಊರ ಉಸಾಬರಿಯೆಲ್ಲ ನಿನಗೇ ಬೇಕಾ ಎಂದರು. ಹೇಳುವುದು ಸುಲಭ.

ಮಾರ್ಚ್ 6, ಮಧ್ಯಾಹ್ನ 2

ಎಲ್ಲರೂ ಕ್ಯಾಂಟೀನಿಗೆ ಹೋಗಿದ್ದರು. ದೊಡ್ಡಕ್ಕನ ಕುರ್ಚಿಯಲ್ಲಿ ಕೂತೆ. ಹಿಂದಿನ ಕಪಾಟಿನಿಂದ ಒಂದು ಕಟ್ಟು ತಂದು, ಅವರ ಹೆಸರಲ್ಲಿ ಇಪ್ಪತ್ತೈದು ಫೈಲು ಹಾಕಿದೆ. ಯಾರು ಎಷ್ಟು ಮಾಡಿದರು ಎನ್ನುವ ಪಟ್ಟಿ ನನಗೂ ಮೇಲಿನವರಿಗೂ ಮಾತ್ರ ತೆರೆಯುತ್ತದೆ, ದೊಡ್ಡಕ್ಕನಿಗೆ ಕಾಣುವುದಿಲ್ಲ. ಊಟದ ಡಬ್ಬಿ ತೆರೆಯಲೇ ಇಲ್ಲ.

ಒಳ್ಳೆಯದೇ ಮಾಡಿದೆ. ಅಲ್ಲವಾ... ಇಲ್ಲದಿದ್ದರೆ ಇದನ್ನು ಬರೆದಿಡುವುದು ಯಾಕೆ.

ಮಾರ್ಚ್ 14, ಶುಕ್ರವಾರ

ದಿನಾ ಇಪ್ಪತ್ತೈದು. ಕತ್ತು ಹಿಡಿದುಕೊಂಡಿದೆ, ಕಣ್ಣು ಉರಿ. ಈಚೆಗೆ ದೊಡ್ಡಕ್ಕ ನನಗಿಂತ ಮೊದಲೇ ಬಂದು ಬಾಗಿಲಲ್ಲಿ ಕಾಯುತ್ತಾರೆ. ಒಂದೇ ಬೆರಳಲ್ಲಿ ಕುಟ್ಟುತ್ತಾರೆ. ಕಂಪ್ಯೂಟರಿನಲ್ಲಿ ಏನೋ ಅಡ್ಡ ಬಂತು, ಏನು ಮಾಡಲಿ ಎಂದು ಇವತ್ತು ಕೇಳಿದರು. ವಿವರಿಸುವಷ್ಟು ತಾಳ್ಮೆ ಇರಲಿಲ್ಲ. ಬಿಡಿ ದೊಡ್ಡಕ್ಕ ಎಂದು ನಾನೇ ಒತ್ತಿಬಿಟ್ಟೆ. ಸುಮ್ಮನೆ ನನ್ನ ಬೆರಳನ್ನೇ ನೋಡುತ್ತಿದ್ದರು.

ಮಾರ್ಚ್ 21, ಶುಕ್ರವಾರ

ಪಟ್ಟಿ ಬಂತು. ಕೊನೆಯ ಮೂರು ದಿನದ ಸರಾಸರಿ ತೆಗೆದಿದ್ದಾರೆ. ಮೊದಲ ಹೆಸರು ದೊಡ್ಡಕ್ಕನದು. ಅರವತ್ತಾರು.

ಸೂಪರಿಂಟೆಂಡೆಂಟರೇ ಕೆಳಗಿಳಿದು ಬಂದರು. ಸೋಮವಾರದಿಂದ ಇನ್ನೊಂದು ಶಾಖೆಗೆ ಹೋಗಿ ಅಲ್ಲಿಯವರಿಗೆ ನೀವೇ ಕಲಿಸಬೇಕು ಎಂದರು. ದೊಡ್ಡಕ್ಕನ ಮುಖ ಕೆಂಪಾಯಿತು. ಅಲ್ಲೇ ನಿಂತು ಸೊಸೆಗೆ ಫೋನ್ ಮಾಡಿದರು — "ನಾನೇ ಫಸ್ಟಂತೆ ಕಣಮ್ಮ."

ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ. ಎಷ್ಟು ತೊಳೆದರೂ ಅದೇ ಮುಖ.

ಮಾರ್ಚ್ 22, ಶನಿವಾರ

ಹೇಳಿಬಿಟ್ಟೆ. ಹಿಂದಿನ ಕಪಾಟಿನ ಹತ್ತಿರ ಕರೆದು ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಸ್ಟೂಲಿನ ಮೇಲೆ ಕೂತು, ಯಾವಾಗಿನಿಂದ ಎಂದು ಕೇಳಿದರು. ಆರನೇ ತಾರೀಖಿನಿಂದ ಎಂದೆ.

"ನಂಗೆ ಬರೋದಿಲ್ಲ ಅಂತ ಆರನೇ ತಾರೀಖಿಗೇ ತೀರ್ಮಾನ ಮಾಡಿಬಿಟ್ಯಾ ನೀನು?"



ಎದ್ದು ಮೇಲಕ್ಕೆ ಹೋದರು. ಆ ಲೆಕ್ಕ ಪೂರ್ತಿ ನನ್ನದಲ್ಲ ಎಂದಷ್ಟೇ ಹೇಳಿದರಂತೆ. ಉಳಿದದ್ದು ಯಾರದು ಎಂದು ಎಷ್ಟು ಕೇಳಿದರೂ ಬಾಯಿಬಿಡಲಿಲ್ಲವಂತೆ. ಸೂಪರಿಂಟೆಂಡೆಂಟರು ಪಟ್ಟಿಯಲ್ಲಿ ದೊಡ್ಡಕ್ಕನ ಲೆಕ್ಕವನ್ನೆಲ್ಲ ಹೊಡೆದುಹಾಕಿದರು. ಬೇರೆ ಕಾಗದಗಳಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಗೋದಾಮಿನ ಆರ್ಡರ್ ಒಂದೇ ಗಂಟೆಯಲ್ಲಿ ಬಂತು. ನಾನು ಕೆಳಗೇ ಕೂತಿದ್ದೆ. ಹೆದರಿಕೆ. ಬೇರೆ ಹೆಸರಿಲ್ಲ ಅದಕ್ಕೆ.

ಮಾರ್ಚ್ 24, ಸೋಮವಾರ, ಬೆಳಿಗ್ಗೆ 9.10

ದೊಡ್ಡಕ್ಕನ ಕುರ್ಚಿ ಖಾಲಿ. ಈಗ ಎರಡನೇ ಬಸ್ಸಿನಲ್ಲಿರಬೇಕು.

ಅವರ ಹೆಸರಿನ ಪಟ್ಟಿ ತೆರೆದೆ. ಒಂದೊಂದು ಫೈಲಿನ ಮುಂದೆಯೂ ಅದನ್ನು ಹಾಕಿದ ಸಮಯ ಇರುತ್ತದೆ. ಒಂದರಿಂದ ಎರಡು ಗಂಟೆಯವರೆಗಿನದು ನನ್ನದು. ಅದನ್ನು ಬಿಟ್ಟು, ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಆರನೇ ತಾರೀಖು ಹತ್ತು. ಹನ್ನೆರಡನೇ ತಾರೀಖು ಇಪ್ಪತ್ತೆರಡು. ಹದಿನಾಲ್ಕಕ್ಕೆ, ಆ ಶುಕ್ರವಾರ, ಮೂವತ್ತು. ಕೊನೆಯ ಮೂರು ದಿನ — ನಲವತ್ತೊಂದು, ನಲವತ್ತು, ನಲವತ್ತೆರಡು.

ಇನ್ನೊಮ್ಮೆ ಎಣಿಸಿದೆ. ಅಷ್ಟೇ ಬಂತು.

ಕಲಿತಿದ್ದರು. ಒಂದೇ ಬೆರಳಲ್ಲಿ, ಯಾರ ಹಂಗೂ ಇಲ್ಲದೆ. ಇಷ್ಟು ದಿನದಲ್ಲಿ ಒಂದು ಸಲವೂ ನಾನು ನೋಡಲಿಲ್ಲ. ನೋಡಬೇಕು ಅನ್ನಿಸಲೇ ಇಲ್ಲ.

ಪಟ್ಟಿ ಪ್ರಿಂಟ್ ತೆಗೆದಿದ್ದೇನೆ. ಸೂಪರಿಂಟೆಂಡೆಂಟರು ಒಂಬತ್ತೂವರೆಗೆ ಬರುತ್ತಾರೆ. ಮಧ್ಯಾಹ್ನದ್ದು ಯಾರು ಹಾಕಿದ್ದೆಂದು ಹೇಳದೆ ಈ ಕಾಗದ ಕೊಟ್ಟರೆ ನಂಬುವುದಿಲ್ಲ. ಹೇಳಬೇಕಾದದ್ದು ಒಂದೇ ವಾಕ್ಯ. ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ.

ಸಾರ್, ಊಟದ ಹೊತ್ತಿನಲ್ಲಿ ದೊಡ್ಡಕ್ಕನ ಹೆಸರಲ್ಲಿ ದಿನಾ ಇಪ್ಪತ್ತೈದು ಫೈಲು ಹಾಕಿದವಳು...