ಮೂರು ಕಿಟಕಿಯ ಚೀಟಿ

ಅಂಗಡಿಯಿಂದ, ೧೪ನೇ ತಾರೀಕು, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿ. ನಮ್ಮ ಎರಡು ಕೋಣೆಯ ಮನೆಯನ್ನು ಮೂರು ತಿಂಗಳ ಸಾಲಕ್ಕೆ ಅಡವಿಟ್ಟು, ಈಗಿರುವ ಊರಲ್ಲಿ ಸೈಕಲ್ ರಿಪೇರಿ ಅಂಗಡಿ ತೆರೆಯುತ್ತೇನೆ, ಶುಕ್ರವಾರ ರುಜು ಎಂದು ಬರೆದಿದ್ದೀಯ. "ಹೋಗ್ಲಿ, ಮಗ ಅಲ್ವಾ" ಎಂದು ಅಮ್ಮ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಆ ಕಾಗದ ನಿನ್ನೆಯೇ ಅಂಚೆಗೆ ಹಾಕಿದೆ. ಲಕೋಟೆಯಲ್ಲಿ ನೀನಿಟ್ಟ ಚೀಟಿಗಳನ್ನು ಇನ್ನೂ ನೋಡಿಲ್ಲ, ಇದನ್ನು ಮುಗಿಸಿ ನೋಡುತ್ತೇನೆ.

ನೀನಿದ್ದಾಗ ಈ ಬೀದಿಯಲ್ಲಿ ಕೈಸಾಲ ಕೊಡುವ ಅಂಗಡಿಗಳು ಏಳು. ಬಡ್ಡಿಗೆ ಮಿತಿ ಹಾಕಿದ ಹೊಸ ಕಾನೂನನ್ನು ನಾವೂ ಹೊಗಳಿದ್ದೆವು. ಪರವಾನಗಿಗೆ ಅಷ್ಟು ದೊಡ್ಡ ಠೇವಣಿ ಎಂದಾಗ ನೀನೂ ಸೇರಿ ಆರು ಜನ ಬಾಗಿಲು ಹಾಕಿದಿರಿ. ಉಳಿದವನು ಮೂಲೆಯಂಗಡಿಯ ಸಾಹುಕಾರನೊಬ್ಬನೇ. ಸಾಲಗಾರನಿಗೆ ಆಯ್ಕೆ ಇರಲೆಂದು ಅದೇ ಕಾನೂನು, ಮೂರು ಅಂಗಡಿಗಳ ದರದ ಚೀಟಿ ತೋರಿಸದೆ ಸಾಲವಿಲ್ಲ ಎನ್ನುತ್ತದಲ್ಲ? ಕಾನೂನು ಚಾಪೆಯ ಕೆಳಗೆ ತೂರಿದರೆ ಇವನು ರಂಗೋಲಿಯ ಕೆಳಗೆ ತೂರಿದ. ನಿನ್ನದೂ ಸೇರಿ ಪಕ್ಕದ ಎರಡು ಅಂಗಡಿ ಕೊಂಡು, ಹಳೆಯ ಬೋರ್ಡುಗಳನ್ನು ಹಾಗೇ ಬಿಟ್ಟು, ಒಳಗೋಡೆ ಒಡೆಸಿದ.

ಮೂರೂ ಕಿಟಕಿಯಲ್ಲಿ ಕೂತು ದರದ ಚೀಟಿ ಬರೆಯುವ ಗುಮಾಸ್ತೆ ನಾನೊಬ್ಬಳೇ. ಮೊದಲನೆಯದರಲ್ಲಿ ಕನ್ನಡಕ, ಎರಡನೆಯದರಲ್ಲಿ ಶಾಲು, ನಿನ್ನ ಹಳೆಯ ಕಿಟಕಿಯಲ್ಲಿ ಬರಿಯ ನಾನು. ಕೈಬರಹವೂ ಮೂರು: ದುಂಡು, ಓರೆ, ಎಡಗೈಯದು. ದರದಲ್ಲಿ ಕೂದಲೆಳೆಯ ವ್ಯತ್ಯಾಸ. ಮೊದಮೊದಲು ನನಗೇ ನಗು ಬರುತ್ತಿತ್ತು. ನಿನ್ನೆ ಪಕ್ಕದ ಮನೆಯ ದರ್ಜಿ ಬಂದು, "ಆ ಶಾಲಿನಮ್ಮ ತುಂಬಾ ಗಡುಸು ಕಣಮ್ಮ, ನೀನೇ ವಾಸಿ" ಎಂದ. ಹತ್ತು ವರ್ಷದಿಂದ ನನ್ನ ಬಟ್ಟೆ ಹೊಲಿಯುವವನು! ಅವನ ಕೈಯಲ್ಲಿ ಓರೆ ಅಕ್ಷರದ ಚೀಟಿಯಿತ್ತು. ಬೆಳಗಿನಿಂದ ನಾನು ಆ ಕಿಟಕಿಗೆ ಹೋಗಿಯೇ ಇರಲಿಲ್ಲ. ಎದ್ದು ಹೋಗಿ ಶಾಲು ಮುಟ್ಟಿದೆ, ಬೆಚ್ಚಗಿತ್ತು. ಸಾಹುಕಾರನಿಗೆ ಹೇಳಿದರೆ, "ಕೆಲಸ ನಡೀತಿದೆ ತಾನೇ?" ಎಂದು ಎಲೆಕ್ಟ್ರಿಕ್ ಬಿಲ್ಲು ನೋಡತೊಡಗಿದ. ನನಗೆ ಹೆದರಿಕೆಯಾಗುತ್ತಿದೆ ಕಣೋ.

ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನ ಆಶೀರ್ವಾದ ನಿನ್ನ ತಲೆಯ ಮೇಲಿರಲಿ.

ನಿನ್ನ
ಅಕ್ಕ

ತಾ.ಕ.: ಚೀಟಿಗಳನ್ನು ಈಗ ಬಿಚ್ಚಿದೆ. ನಿನ್ನ ಊರಲ್ಲೇ ಮೂರು ಅಂಗಡಿ ಸುತ್ತಿ ಅಗ್ಗದ್ದು ಆರಿಸಿದೆ ಎಂದಿದ್ದೀಯಲ್ಲ, ಒಂದು ದುಂಡು, ಒಂದು ಓರೆ, ಒಂದು ಎಡಗೈಯದು. ಮೂರೂ ನನ್ನ ಅಕ್ಷರ. ನಿನ್ನ ಊರಿಗೆ ನಾನು ಕಾಲಿಟ್ಟವಳೇ ಅಲ್ಲ. ಅಮ್ಮನ ಹೆಬ್ಬೆಟ್ಟಿನ ಕಾಗದ ತಲುಪಿದೊಡನೆ ಹರಿದುಹಾಕು, ರುಜು ಮಾಡಬೇಡ. ಅಲ್ಲಿ ನಿನಗೆ ಚೀಟಿ ಕೊಟ್ಟ ಕಿಟಕಿಯಿಂದ ಯಾರಾದರೂ ನನ್ನ ದನಿಯಲ್ಲಿ "ತಮ್ಮಾ" ಎಂದು ಕರೆದರೆ ಓಗೊಡಬೇಡ.