ಬಾಗಿಲ ಸಭೆಯ ಏಲಕ್ಕಿ

ಎರಡನೇ ವೈಶಾಖ, ನಲವತ್ತೊಂದನೇ ದಿನ, ೨೧೭೪
ಓದುಗಿತ್ತಿಯರ ಬಳಗ, ಗದಗ ಸೀಮೆ

ಇಂದುಮತಿ ಅಕ್ಕನವರಿಗೆ ಕಳಕವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಕಾಗದ ಮಡಚಿಡಬೇಡಿ. ನಿಮ್ಮ ಕಾಲದಲ್ಲಿ ವೈಶಾಖ ಮೂವತ್ತು ದಿನಕ್ಕೆ ಮುಗಿಯುತ್ತಿತ್ತಂತೆ. ನಮ್ಮಲ್ಲಿ ಬಿಸಿಲು ಮುಗಿಯುವುದೇ ಇಲ್ಲವಾದ್ದರಿಂದ ಪಂಚಾಂಗದವರು ಸೋತು, ಅದೇ ತಿಂಗಳನ್ನು ಎರಡು ಮಾಡಿ ಎಳೆದಿದ್ದಾರೆ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನೀವೇ ಬರೆದಿಟ್ಟ ಏಳು ವಹಿಗಳಿಂದ. ನಿಮಗೀಗ ನಲವತ್ತೆರಡು, ನನಗೆ ಅರವತ್ತಮೂರು. ವಂಶಾವಳಿ ಹಿಡಿದು ನೋಡಿದರೆ ನೀವು ನನ್ನ ಅಜ್ಜಿಯ ಮುತ್ತಜ್ಜಿಯ ಓರಗೆ. ಆದರೂ ಅಕ್ಕ ಎಂದೇ ಕರೆಯುತ್ತೇನೆ, ಬಳಗದಲ್ಲಿ ಇಂದಿಗೂ ಎಲ್ಲರೂ ನಿಮ್ಮನ್ನು ಹಾಗೇ ಕರೆಯುವುದು.

ಈ ಕಾಗದ ನಿಮ್ಮ ಕೈಗೆ ಬಂದದ್ದು ಹಿಂಟಪಾಲಿನಿಂದ. ಹಿಂಟಪಾಲು ಅಂದರೆ ಹಿಂದಿನ ಕಾಲಕ್ಕೆ ಕಾಗದ ಕಳಿಸುವ ಕಚೇರಿ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಹೆಚ್ಚಿನವರು ತೀರಿಹೋದ ತಾಯಿಗೆ ಬರೆಯುತ್ತಾರೆ. ಅಲ್ಲಿಯ ಗುಮಾಸ್ತ ನನ್ನ ವಿಳಾಸ ನೋಡಿ, ಸಂಸ್ಥೆ ಕಟ್ಟಿದವರಿಗೆ ಬೈದು ಬರೆಯಲು ಬಂದವರು ನೀವೇ ಮೊದಲು ಎಂದು ನಕ್ಕ. ಇಲ್ಲಿಯತನಕ ಯಾವ ಕಾಗದಕ್ಕೂ ಉತ್ತರ ಬಂದಿಲ್ಲ ಎಂಬುದನ್ನೂ ಅವನೇ ಹೇಳಿದ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಬರುವ ಸೋಮವಾರ ನೀವು ನಾಲ್ಕನೇ ವಹಿಯ ಮೊದಲ ಪುಟದಲ್ಲಿ ಒಂದು ನಿಯಮ ಬರೆಯಲಿದ್ದೀರಿ. ಆ ನಿಯಮದ ಮರೆಯಲ್ಲಿ ನಿಂತು ನಮಗೆ ಮೋಸ ಮಾಡಿದರು.

ಮೊದಲು ನಮ್ಮ ಬದುಕು ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾವೀಗ ನೆಲಮನೆಗಳಲ್ಲಿ ಇರುತ್ತೇವೆ. ಮನೆಯ ಮುಕ್ಕಾಲು ಭಾಗ ಭೂಮಿಯೊಳಗೆ, ಕಾಲು ಭಾಗ ಮೇಲೆ. ಮೇಲಿನ ಗೋಡೆಗೆ ಪ್ರತಿ ತಿಂಗಳೂ ಸುಣ್ಣ ಬಳಿಯದಿದ್ದರೆ ಒಳಗೆ ಕೂರಲಾಗುವುದಿಲ್ಲ. ಬೆಳಗ್ಗೆ ಎಂಟರ ಮೇಲೆ ಬೀದಿಯಲ್ಲಿ ಯಾರಾದರೂ ನಡೆಯುತ್ತಿದ್ದರೆ ಅವರ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ ಎಂದೇ ಅರ್ಥ. ಊಟಕ್ಕೆ ಜೋಳದ ರೊಟ್ಟಿಯೇ, ಅದೊಂದು ಬದಲಾಗಿಲ್ಲ, ಸಮಾಧಾನವಾಗಿರಿ. ಬದನೆಕಾಯಿ ಮಾತ್ರ ನೆರಳಮನೆಯಲ್ಲಿ ಬೆಳೆದದ್ದು, ನೋಡಲು ಚಂದ, ತಿಂದರೆ ನೀರು ನೀರು. ನಿಮ್ಮ ಕಟ್ಟಡ ಇನ್ನೂ ನಿಂತಿದೆ. ಅದರ ಸುತ್ತ ನೆಲ ಅಗೆದು ಕೆಳಗೆ ಎರಡು ಕೋಣೆ ಮಾಡಿಕೊಂಡಿದ್ದೇವೆ, ಮೇಲಿನ ತಲಬಾಗಿಲನ್ನು ಹಾಗೇ ಉಳಿಸಿದ್ದೇವೆ. ಬಾಗಿಲ ಸಭೆ ಆ ಬಾಗಿಲಲ್ಲೇ ನಡೆಯಬೇಕಲ್ಲ.

ನೀವು ಆ ನಿಯಮ ಏಕೆ ಬರೆಯುತ್ತೀರಿ ಎಂಬುದು ನನಗೆ ಗೊತ್ತು. ನಿಮಗೆ ಮಾತು ಹೆಚ್ಚು. ಸಿಟ್ಟಾಗಬೇಡಿ, ಇದು ನಿಮ್ಮದೇ ಬರಹ. ಮೂರನೇ ವಹಿಯಲ್ಲಿ ಒಂದು ಕಡೆ, ಇವತ್ತು ಅವಳು ಬಾಯಿ ತೆರೆಯುವ ಮೊದಲೇ ನಾನು ಉತ್ತರ ಕೊಟ್ಟುಬಿಟ್ಟೆ, ಅವಳು ಬಂದ ದಾರಿಯಲ್ಲೇ ಹೋದಳು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀರಿ. ಓದು ಬಾರದವರ ಮನೆಮನೆಗೆ ಹೋಗಿ ಆಸ್ಪತ್ರೆಯ ಚೀಟಿ, ಕಚೇರಿಯ ನೋಟಿಸು, ಮಗಳ ಕಾಗದ ಓದಿ ಹೇಳುವ ಹೆಂಗಸರು ನಿಮ್ಮ ಬಳಗದವರು. ಊರಿನ ಸಂಕಟವೆಲ್ಲ ಅವರಿಗೆ ಗೊತ್ತು. ಆದರೆ ನಿಮ್ಮ ಮುಂದೆ ಅವರಿಗೆ ಮಾತಾಡಲು ಸಂದು ಸಿಗುವುದಿಲ್ಲ. ಅದಕ್ಕೇ ನೀವು ಹೀಗೆ ಬರೆಯುತ್ತೀರಿ: ವರ್ಷಕ್ಕೊಂದು ದಿನ ಬಳಗದ ಹಿರಿಯಳು ಬಾಯಲ್ಲಿ ಒಂದು ಏಲಕ್ಕಿ ಇಟ್ಟುಕೊಂಡು ತಲಬಾಗಿಲ ಹೊಸ್ತಿಲ ಪಕ್ಕ ಕೂರಬೇಕು. ಒಳಗೆ ಬರುವ ಪ್ರತಿಯೊಬ್ಬಳೂ ಅಲ್ಲಿ ನಿಂತು ತನ್ನ ಮಾತು ಹೇಳಬೇಕು. ಕೊನೆಯವಳು ಮುಗಿಸುವ ತನಕ ಹಿರಿಯಳು ಏಲಕ್ಕಿ ಕಚ್ಚಬಾರದು, ತುಟಿ ಬಿಚ್ಚಬಾರದು. ಬಿಚ್ಚಿದರೆ ಬಳಗದ ಕಪಾಟಿನ ಕೀಲಿ ಕೊಟ್ಟು ಹಿರಿತನ ಬಿಟ್ಟು ಹೋಗಬೇಕು. ತೀರ್ಮಾನ ಮರುದಿನ. ಇದನ್ನೇ ನಾವು ಬಾಗಿಲ ಸಭೆ ಎನ್ನುತ್ತೇವೆ.

ಏಲಕ್ಕಿ ಈಗ ಎಲ್ಲಿಯೂ ಬೆಳೆಯುವುದಿಲ್ಲ. ಅದರ ವಾಸನೆ ಹೇಗಿರುತ್ತದೋ ನನಗೆ ಗೊತ್ತಿಲ್ಲ. ನಮ್ಮಲ್ಲಿ ಬೀಟೆ ಮರದಲ್ಲಿ ಕೆತ್ತಿದ ಒಂದು ಏಲಕ್ಕಿ ಇದೆ, ಹಿರಿಯಳಿಂದ ಹಿರಿಯಳಿಗೆ ಬರುತ್ತದೆ. ಮುಖ ಕಿವಿಚಬೇಡಿ, ಸಭೆಯ ಹಿಂದಿನ ದಿನ ಚೆನ್ನಾಗಿ ಕುದಿಸುತ್ತೇವೆ. ಅದರ ಮೇಲೆ ಸಣ್ಣ ಸಣ್ಣ ಹಲ್ಲಿನ ಗುರುತುಗಳಿವೆ. ಬಳಗಕ್ಕೆ ಸೇರಿದ ಹೊಸತರಲ್ಲಿ ಅವನ್ನು ಮುಟ್ಟಿ ನೋಡಿ, ಎಷ್ಟು ಮಾತು ನುಂಗಿಕೊಂಡಿದ್ದಾರಪ್ಪಾ ಇವರು ಎಂದು ಕೈ ಮುಗಿದಿದ್ದೆ. ಈಗ ಅದನ್ನು ನೆನೆದರೆ ನನ್ನ ಮೇಲೆ ನನಗೇ ನಗು ಬರುತ್ತದೆ.

ಇಪ್ಪತ್ತಮೂರು ವರ್ಷದ ಹಿಂದೆ ನಮ್ಮ ಹಿರಿಯಳಾಗಿದ್ದವಳು ಫಕ್ಕೀರವ್ವ. ಆಗಷ್ಟೇ ಉಲಿಗ ಬಂದಿತ್ತು. ಉಲಿಗ ಅಂದರೆ ಗೋಡೆಗೆ ಹಚ್ಚುವ ಅಂಗೈಯಷ್ಟು ಯಂತ್ರ. ಮುಂದೆ ಯಾವ ಕಾಗದ ಹಿಡಿದರೂ ತಪ್ಪಿಲ್ಲದೆ ಓದುತ್ತದೆ. ಉಲಿಗ ಮಾಡುವ ಕಂಪನಿಯವರು ಬಂದು, ಮನೆಗೊಂದು ಕೊಡುತ್ತೇವೆ, ನಿಮ್ಮ ಹೆಂಗಸರು ಓದುವುದು ಬಿಟ್ಟು ಯಂತ್ರಗಳ ಧೂಳು ಒರೆಸಿಕೊಂಡು ನೋಡಿಕೊಳ್ಳಲಿ ಎಂದರು. ಒಪ್ಪಬೇಕೋ ಬೇಡವೋ ಎಂಬುದನ್ನು ಬಾಗಿಲ ಸಭೆಯಲ್ಲಿ ಎಲ್ಲರನ್ನೂ ಕೇಳಿ ತೀರ್ಮಾನಿಸುತ್ತೇನೆ ಎಂದಳು ಫಕ್ಕೀರವ್ವ. ನಾವು ನಂಬಿದೆವು. ನಂಬದೆ ಏನು, ಅವಳು ನಮ್ಮ ಜೊತೆ ಬಿಸಿಲಲ್ಲಿ ನಡೆದವಳು, ನನ್ನ ಬಾಣಂತನಕ್ಕೆ ಮೂರು ಊರು ದಾಟಿ ಬಂದು ಅಂಟಿನುಂಡೆ ಕೊಟ್ಟವಳು.

ಆ ಸಭೆಗೆ ಎಲ್ಲರಿಗಿಂತ ಹೆಚ್ಚು ದುಡಿದವಳು ಜೈಬುನ್ನಿಸಾ. ಮೂವತ್ತೊಂದು ವರ್ಷದಿಂದ ಗುಡ್ಡದ ಓಣಿಗಳಲ್ಲಿ ಓದುತ್ತಿದ್ದವಳು, ನನಗೆ ಕೆಲಸ ಕಲಿಸಿದವಳೂ ಅವಳೇ. ಎರಡು ತಿಂಗಳು ಒಂದೊಂದು ಮನೆಯ ಮೆಟ್ಟಿಲಿಳಿದು, ನಿಮಗೆ ಯಂತ್ರ ಬೇಕೋ ನಾವು ಬೇಕೋ, ಯಾವುದಕ್ಕೆ ಯಾವುದು ಬೇಕು ಎಂದು ಕೇಳಿ ಬರೆದುಕೊಂಡಳು. ಬಿಸಿಲು ಹೊಡೆದು ಎಂಟು ದಿನ ಮಲಗಿದಳು, ಎದ್ದು ಮತ್ತೆ ಹೋದಳು. ಸಭೆಯ ದಿನ ಬಾಗಿಲಲ್ಲಿ ನಿಂತು ಅವಳು ಆಡಿದ ಮಾತನ್ನು ಅವಳ ಬಾಯಲ್ಲೇ ಬರೆಯುತ್ತೇನೆ.

“ಅವ್ವಾರ, ಯಂತ್ರ ಛಲೋ ಓದತೈತ್ರಿ, ಅದಕ್ಕ ನಾ ಇಲ್ಲ ಅನ್ನಂಗಿಲ್ಲ. ಆದ್ರ ಓದಿದ ಮ್ಯಾಲ ಸುಮ್ಮನ ಕುಂದರತೈತಿ. ನಾವು ಓದಿದ ಮ್ಯಾಲ ಅವರ ಮಾರಿ ನೋಡತೀವಿ. ಮಾರಿ ನೋಡಿ, ಯವ್ವಾ, ಇದರಾಗ ಹೆಬ್ಬಟ್ಟ ಒತ್ತಬ್ಯಾಡ ಅಂತೀವಿ. ಯಂತ್ರನೂ ಇರಲಿ, ನಾವೂ ಇರೋಣು. ಹೆಂಗ ಅಂತ ಮನಿಮನಿದು ಬರಕೊಂಡ ಬಂದೀನ್ರಿ.”

ಬರೆದ ಹಾಳೆಗಳನ್ನು ಫಕ್ಕೀರವ್ವನ ತೊಡೆಯ ಮೇಲಿಟ್ಟಳು. ಫಕ್ಕೀರವ್ವನ ಬಾಯಲ್ಲಿ ಏಲಕ್ಕಿ ಇತ್ತು, ಮಾತಾಡುವಂತಿರಲಿಲ್ಲ. ತಲೆಯಾಡಿಸಿದಳು, ಕಣ್ಣಲ್ಲಿ ನೀರು ತಂದುಕೊಂಡಳು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿ, ಗೆದ್ದೆವು ಎಂದುಕೊಂಡೆವು. ಮರುದಿನ ಅವಳು, ನಿಮ್ಮೆಲ್ಲರ ಮಾತು ತೂಗಿ ನೋಡಿದೆ, ಮನಸ್ಸಿಗೆ ಬಹಳ ಕಷ್ಟವಾಯಿತು, ಆದರೂ ಕಂಪನಿಯ ಮಾತಿಗೆ ಒಪ್ಪುವುದೇ ಬಳಗಕ್ಕೆ ಒಳ್ಳೆಯದು ಎಂದು ಹೇಳಿದಳು. ಅಂದಿನಿಂದ ಬಳಗದ ಯಾರೂ ಯಾರಿಗೂ ಓದಲಿಲ್ಲ. ಕೈಯಲ್ಲೊಂದು ಅರಿವೆ ಹಿಡಿದು ಮನೆಮನೆಯ ಗೋಡೆ ಒರೆಸಿದೆವು. ಜೈಬುನ್ನಿಸಾ, ನಾನು ಸರಿಯಾಗಿ ಬಿಡಿಸಿ ಹೇಳಲಿಲ್ಲವೇನೋ ಎಂದು ತನ್ನನ್ನೇ ಬೈದುಕೊಂಡಳು.

ನಾಲ್ಕು ವರ್ಷದ ಮೇಲೆ ಕೀಲಿ ನನ್ನ ಕೈಗೆ ಬಂತು. ಕಪಾಟು ತೆಗೆದು ಹಳೆಯ ಕಾಗದ ಜೋಡಿಸುವಾಗ ಕಂಪನಿಯ ಒಪ್ಪಂದ ಸಿಕ್ಕಿತು. ಅಕ್ಷರ ಸಣ್ಣದಿತ್ತು, ಕನ್ನಡಕ ಹತ್ತಿರವಿರಲಿಲ್ಲ, ಗೋಡೆಯ ಉಲಿಗದ ಮುಂದೆ ಹಿಡಿದೆ. ಅದು ಮೊದಲಿಂದ ಕಡೆತನಕ ಓದಿತು, ಕೊನೆಗೆ ಫಕ್ಕೀರವ್ವನ ಸಹಿಯನ್ನೂ ತಾರೀಖನ್ನೂ ಓದಿತು. ಬಾಗಿಲ ಸಭೆಗಿಂತ ಇಪ್ಪತ್ತಾರು ದಿನ ಮೊದಲಿನ ತಾರೀಖು. ಓದಿದ ಮೇಲೆ ಸುಮ್ಮನಾಯಿತು. ಅವಳು ಬಾಗಿಲಲ್ಲಿ ಕೂತಾಗ ತೂಗಿ ನೋಡಲು ಏನೂ ಉಳಿದಿರಲಿಲ್ಲ. ಜೈಬುನ್ನಿಸಾ ಬಿಸಿಲು ಹೊಡೆದು ಮಲಗಿದ್ದಳಲ್ಲ, ಆ ಎಂಟು ದಿನಕ್ಕೂ ಮೊದಲೇ ಎಲ್ಲ ಮುಗಿದಿತ್ತು. ಅವಳು ಮಲಗಿದ್ದಾಗ ಫಕ್ಕೀರವ್ವ ಹೋಗಿ ಹಣೆಗೆ ಒದ್ದೆ ಬಟ್ಟೆ ಇಟ್ಟು, ಬೇಗ ಏಳು, ನಿನ್ನ ಮಾತು ನನಗೆ ಬೇಕು ಎಂದು ಹೇಳಿ ಬಂದಿದ್ದಳು.

ಅಕ್ಕ, ತೀರ್ಮಾನ ತಪ್ಪೆಂದು ನಾನು ಹೇಳುತ್ತಿಲ್ಲ. ಕಂಪನಿಯವರು ಗಡುವು ಕೊಟ್ಟಿದ್ದರು, ಅದು ದಾಟಿದ್ದರೆ ಬಳಗವೇ ಬೇಡವಾಗುತ್ತಿತ್ತೇನೋ. ಕಾಲ ಬದಲಾದಾಗ ಹಿರಿಯಳಾದವಳು ಬದಲಾಗಬೇಕು, ಬೇರೆಯವರಿಗೆ ಬೇಡವಾದ ದಾರಿಯನ್ನೂ ಹಿಡಿಯಬೇಕಾಗುತ್ತದೆ. ಸಹಿ ಹಾಕಿಬಿಟ್ಟಿದ್ದೇನೆ ಎಂದು ಆವತ್ತೇ ಹೇಳಿದ್ದರೆ ನಾವು ಬಾಯಿಗೆ ಬಂದಂತೆ ಬೈಯುತ್ತಿದ್ದೆವು, ಎರಡು ದಿನ ಕೆಲಸ ಬಿಡುತ್ತಿದ್ದೆವು, ಅಷ್ಟೇ. ಆಮೇಲೆ ಜೈಬುನ್ನಿಸಾಳ ಹಾಳೆಗಳಲ್ಲಿ ಇನ್ನೂ ಏನನ್ನು ಉಳಿಸಿಕೊಳ್ಳಬಹುದು ಎಂದು ಕೂತು ನೋಡುತ್ತಿದ್ದೆವು. ಫಕ್ಕೀರವ್ವ ಕೇಳುವಂತೆ ನಟಿಸಿದಳು, ಅದನ್ನೇ ನಾನು ಕ್ಷಮಿಸಲಾರೆ. ನಟಿಸಲು ಜಾಗ ಮಾಡಿಕೊಟ್ಟವರು ನೀವು. ಮಾತಾಡಿದರೆ ಕೀಲಿ ಹೋಗುತ್ತದೆ ಎಂದು ಬರೆದಿರಿ, ಮುಚ್ಚಿಟ್ಟರೆ ಏನಾಗುತ್ತದೆ ಎಂದು ಬರೆಯಲಿಲ್ಲ. ಹಿರಿಯಳ ಬಾಯಿ ಕಟ್ಟಿದರೆ ಸಾಕು, ಕಿವಿ ತಾನಾಗಿ ತೆರೆದುಕೊಳ್ಳುತ್ತದೆ ಎಂದುಕೊಂಡಿರಿ. ನಿಮ್ಮ ಮಟ್ಟಿಗೆ ಅದು ನಿಜವಿತ್ತೇನೋ.

ಜೈಬುನ್ನಿಸಾ ತೀರಿಕೊಳ್ಳುವ ಮೊದಲು ನಾನು ಅವಳ ಪಕ್ಕ ಕೂತಿದ್ದೆ. “ಕಳಕವ್ವಾ, ಅವತ್ತ ಬಾಗಲದಾಗ ನಾ ಹೇಳಿದ್ದನ್ನ ಆಕಿ ಕೇಳಿದ್ಲೇನ?” ಎಂದು ಕೇಳಿದಳು. ಆ ಹೊತ್ತಿಗೆ ಸಹಿಯ ತಾರೀಖು ನನಗೆ ಗೊತ್ತಿತ್ತು. “ಕೇಳಿದ್ಲವ್ವಾ, ಭಾಳ ಸಂಕಟ ಪಟ್ಲು” ಎಂದೆ. ಅವಳ ಮುಖ ಸಡಿಲವಾಯಿತು. ಮನೆಗೆ ಬಂದು ಗೋಡೆಗೆ ತಲೆಯೊತ್ತಿ ಅತ್ತೆ, ಫಕ್ಕೀರವ್ವನ ಸುಳ್ಳಿಗೆ ನನ್ನದೂ ಒಂದು ಸೇರಿತಲ್ಲ ಎಂದು.

ಈಗ ನನ್ನ ಸರದಿ, ಇಷ್ಟು ಸಿಟ್ಟು ಬರೆದವಳ ಬಂಡವಾಳ ನೀವು ನೋಡಬೇಕು. ಗುಡ್ಡದ ಓಣಿಗಳ ಜನರನ್ನೆಲ್ಲ ತುಂಗಭದ್ರೆಯ ದಡದ ಹೊಸ ಊರಿಗೆ ಸಾಗಿಸುತ್ತಿದ್ದಾರೆ. ಬಳಗ ಇಲ್ಲೇ ಉಳಿದರೆ ನಾವು ಕೆಲಸಕ್ಕೆ ಹೋಗಲು ಮನೆಗಳೇ ಇರುವುದಿಲ್ಲ, ಅವರ ಹಿಂದೆ ಹೋದರೆ ನಮ್ಮ ಅರ್ಧ ಹೆಂಗಸರು ಮನೆಮಂದಿಯನ್ನು ಬಿಟ್ಟು ಬರಬೇಕು, ನಿಮ್ಮ ಈ ಬಾಗಿಲನ್ನೂ ಬಿಡಬೇಕು. ಹೊಸ ಊರಿನಲ್ಲಿ ಜಾಗ ಬೇಕಾದರೆ ಹೋದ ಶುಕ್ರವಾರದೊಳಗೆ ಹೇಳಬೇಕಿತ್ತು. ಬಳಗ ಹೋಗುತ್ತದೆ ಎಂದು ನಾನು ಸಹಿ ಹಾಕಿದೆ. ಯಾರಿಗೂ ಹೇಳಲಿಲ್ಲ. ನಾಳೆ ಬಾಗಿಲ ಸಭೆ. ನಮ್ಮಲ್ಲಿ ತಿಪ್ಪವ್ವ ಎಂಬುವಳಿದ್ದಾಳೆ, ಇಲ್ಲೇ ಉಳಿದು ಹೇಗೆ ನಡೆಸಬಹುದು ಎಂದು ಒಂದೂವರೆ ತಿಂಗಳಿಂದ ಮನೆಮನೆ ತಿರುಗಿ ಬರೆದುಕೊಂಡಿದ್ದಾಳೆ. ನಿನ್ನೆ ದಾರಿಯಲ್ಲಿ ಸಿಕ್ಕು, ನಾಳಿದ್ದು ನಿಮಗ ಎಲ್ಲಾ ಬಿಡಿಸಿ ಹೇಳತೀನ್ರಿ ಅಂದಳು. ನಾನು ತಲೆಯಾಡಿಸಿದೆ. ಆಡಿಸಿದ ಮೇಲೆ ನನಗೆ ಗೊತ್ತಾಯಿತು, ಫಕ್ಕೀರವ್ವನ ತಲೆಯೂ ಹೀಗೇ ಆಡಿತ್ತು, ಇಷ್ಟೇ ಸುಲಭವಾಗಿ. ಇಂದು ಬೆಳಗ್ಗೆ ಅಭ್ಯಾಸಬಲದಿಂದ ಏಲಕ್ಕಿಯನ್ನು ಕುದಿಯಲು ಇಟ್ಟುಬಿಟ್ಟಿದ್ದೆ.

ನನ್ನ ಬೇಡಿಕೆ ಒಂದೇ. ಸೋಮವಾರ ನಿಯಮ ಬರೆಯುವಾಗ ಮೊದಲ ಸಾಲಾಗಿ ಇದನ್ನು ಸೇರಿಸಿ: ಏಲಕ್ಕಿ ಬಾಯಿಗಿಡುವ ಮೊದಲು ಹಿರಿಯಳು ತಾನು ಈಗಾಗಲೇ ಏನು ತೀರ್ಮಾನಿಸಿದ್ದೇನೆ ಎಂಬುದನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಅದಾದ ಮೇಲೆ ಬೇಕಾದರೆ ಬಾಯಿ ಹೊಲಿಯಿರಿ. ನೀವು ಹಾಗೆ ತಿದ್ದಿದರೆ ಈ ಕಾಗದ ಬರೆಯುವ ಪ್ರಮೇಯವೇ ಬರುವುದಿಲ್ಲವಲ್ಲ ಎಂದು ಗುಮಾಸ್ತ ತರ್ಕ ಹೂಡಿದ. ನನಗೆ ಆ ತರ್ಕ ಬೇಡ. ಜೈಬುನ್ನಿಸಾಗೆ ಒಂದು ನಿಜ ಸಿಕ್ಕರೆ ಸಾಕು.

ನಾಲ್ಕನೇ ವಹಿ ನನ್ನ ಮುಂದೆಯೇ ತೆರೆದಿದೆ. ಈ ಸಾಲು ಬರೆಯುವ ತನಕ ನಿಮ್ಮ ನಿಯಮ ಹಳೆಯದೇ ಇದೆ. ಹಾಗಾಗಿ ನಾಳೆ ನಾನೇ ಅದನ್ನು ಮುರಿಯುತ್ತೇನೆ. ಏಲಕ್ಕಿಯನ್ನು ಹೊಸ್ತಿಲ ಮೇಲಿಟ್ಟು, ಮೊದಲನೆಯವಳು ಬಾಯಿ ತೆರೆಯುವ ಮೊದಲೇ ಸಹಿಯ ವಿಷಯ ಹೇಳಿ, ಕೀಲಿಯನ್ನು ತಿಪ್ಪವ್ವನ ಕೈಗೆ ಕೊಡುತ್ತೇನೆ. ಅವಳು ಬೈದೇ ಬೈಯುತ್ತಾಳೆ, ಅವಳ ಬಾಯಿ ನಿಮ್ಮದರಂತೆಯೇ ದೊಡ್ಡದು. ನಿಂತು ಕೇಳುತ್ತೇನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ನನ್ನ ಬಾಯಲ್ಲಿ ಏನೂ ಇರುವುದಿಲ್ಲ.

ಇಂತಿ,
ಇವತ್ತೊಂದು ದಿನದ ಮಟ್ಟಿಗೆ ನಿಮ್ಮ ಬಳಗದ ಹಿರಿಯಳು
ಕಳಕವ್ವ