ಗೆರೆಗಳು ಎದ್ದ ದಿನ

ಆಸ್ಪತ್ರೆಯ ಎರಡನೇ ಮಹಡಿ,
ಮಾರ್ಚ್ 12, ಬುಧವಾರ

ಪ್ರೀತಿಯ ದೊಡ್ಡ ಮಗನಿಗೆ,

ಹೇಗಿದ್ದೀಯಪ್ಪ? ಸುರಂಗದ ಕೆಲಸದ ಧೂಳಿಗೆ ಕೆಮ್ಮು ಜೋರಾಗಿರಬೇಕು. ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ ಕಟ್ಟಿಕೊಳ್ಳುವ ಆಸಾಮಿ ನೀನಲ್ಲ. ನನ್ನ ಮಂಡಿ ಎಂದಿನಂತೆ ಗೊಣಗುತ್ತಿದೆ, ನಾನೂ ಎಂದಿನಂತೆ ಕಿವಿಗೆ ಹಾಕಿಕೊಳ್ಳುತ್ತಿಲ್ಲ. ಫೋನು ಬಿಟ್ಟು ಅಮ್ಮ ಇದೇಕೆ ಕಾಗದ ಹಿಡಿದಳು ಎಂದು ನಗಬೇಡ. ಫೋನಿನ ಸಹವಾಸ ಸದ್ಯಕ್ಕೆ ಸಾಕಾಗಿದೆ.

ನಿನ್ನ ತಮ್ಮನ ವಿಷಯ. ರಿಪೇರಿಯಾದ ಬೈಕನ್ನು ಒಂದು ಸುತ್ತು ಓಡಿಸಿ ನೋಡುತ್ತೇನೆಂದು ಗ್ಯಾರೇಜಿನಿಂದ ಹೊರಟು ತಲೆಗೆ ಪೆಟ್ಟು ಮಾಡಿಕೊಂಡವನು, ನೀನು ನೋಡಿ ಹೋದಾಗ ಇದ್ದಂತೆಯೇ ಮಲಗಿದ್ದ. ಕಣ್ಣು ತೆರೆದಿರುತ್ತದೆ, ನೋಟ ಎಲ್ಲೂ ನಿಲ್ಲುವುದಿಲ್ಲ. ಈಗ ಹೊಸ ಡಾಕ್ಟರಮ್ಮ ಒಬ್ಬರು ಬಂದಿದ್ದಾರೆ. ಅವನ ತಲೆಗೆ ತಂತಿಗಳ ಟೋಪಿ ಹಾಕಿ, ಮಿದುಳು ಏನು ಮಾಡುತ್ತಿದೆಯೆಂದು ಪರದೆಯ ಗೆರೆಗಳಲ್ಲಿ ನೋಡುತ್ತಾ, ವಾಸನೆ, ಸ್ಪರ್ಶ, ಸದ್ದು ಮೂರನ್ನೂ ಒಟ್ಟಿಗೇ ಕೊಡುತ್ತಾರೆ. ಅವನಿಗೆ ಇಷ್ಟವಾದದ್ದನ್ನು ತನ್ನಿ ಎಂದರು. ನಾವೋ, ನಮಗೆ ಇಷ್ಟವಾದದ್ದನ್ನೇ ಹೊತ್ತುಕೊಂಡು ಹೋದೆವು. ನಾನು ಅವನು ಮಗುವಾಗಿದ್ದಾಗಿನ ಸೋಪು, ಅವನ ಹೆಂಡತಿ, ನನ್ನ ಸೊಸೆ, ತನಗೆ ಪ್ರಾಣವಾದ ಹಾಡು. ಗೆರೆಗಳು ನಮಗೆ ಸೊಪ್ಪೇ ಹಾಕಲಿಲ್ಲ. ಡಾಕ್ಟರಮ್ಮ ನಕ್ಕು, "ಅಮ್ಮಾ, ಇವರ ದಿನ ಎಲ್ಲಿ ಕಳೀತಿತ್ತೋ ಅಲ್ಲಿಂದ ತನ್ನಿ" ಎಂದರು.

ಸೋಮವಾರ ಗ್ರೀಸ್ ಮೆತ್ತಿದ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದೆವು, ಅಂಗೈಯಲ್ಲಿ ಸ್ಪ್ಯಾನರ್ ಇಟ್ಟೆವು, ಸೊಸೆಯ ಮೊಬೈಲಿನಲ್ಲಿ ಎಂಜಿನ್ ಸದ್ದು ಹಾಕಿದೆವು. ಗೆರೆಗಳು ತುಸು ಮಿಸುಕಿದವು. ಇದರ ಜೊತೆಗೆ ಹತ್ತಿರದವರ ಧ್ವನಿಯೊಂದು ಬೇಕು ಎಂದರು ಡಾಕ್ಟರಮ್ಮ. ಗ್ಯಾರೇಜನ್ನು ಅವನ ಜೊತೆ ನಿಂತು ಕಟ್ಟಿದವನು ನೀನಲ್ಲವೇ? ಹಿಂದೆಮುಂದೆ ನೋಡದೆ ನಿನಗೆ ಫೋನ್ ಮಾಡಿದೆ.

ನಿನ್ನ ಧ್ವನಿ ಅವನ ಕಿವಿಗೆ ಬಿದ್ದದ್ದೇ ತಡ, ಗೆರೆಗಳು ಎದ್ದು ಕುಣಿದವು. ಸ್ಪ್ಯಾನರ್ ಮೇಲಿದ್ದ ಬೆರಳುಗಳು ಬಿಗಿದುಕೊಂಡವು. ನಾನು ನನ್ನ ಕಣ್ಣನ್ನೇ ನಂಬಲಿಲ್ಲ. ಡಾಕ್ಟರಮ್ಮ ಕುರ್ಚಿಯಿಂದ ಎದ್ದು ನಿಂತರು. "ಇವರಿಗೆ ಮಾತು ಅರ್ಥ ಆಗ್ತಿರಬಹುದು, ಇನ್ನು ಚಿಕಿತ್ಸೆ ನಿಲ್ಲಿಸೋ ಮಾತೇ ಇಲ್ಲ" ಎಂದರು. ಸೊಸೆ ಗೋಡೆಗೊರಗಿ ಅತ್ತಳು. ಈಗ ಅವಳು ಸಿಕ್ಕಸಿಕ್ಕವರಿಗೆಲ್ಲ, "ಭಾವ ಪ್ರೀತಿಯಿಂದ ಕರೆದ್ರು, ಇವರು ಓಗೊಟ್ರು" ಎಂದು ಹೇಳುತ್ತಿದ್ದಾಳೆ. ನಾನು ಮಾತ್ರ ಆ ಮಾತು ಬಂದಾಗಲೆಲ್ಲ ನೀರು ತರುವ ನೆಪ ಮಾಡಿಕೊಂಡು ಎದ್ದು ಹೋಗುತ್ತೇನೆ.

ಹೊತ್ತುಹೊತ್ತಿಗೆ ಊಟ ಮಾಡು. ನಿನಗೆ ಒಳ್ಳೆಯದಾಗಲಿ ಎಂದು ಹಾರೈಸುವ,

ನಿನ್ನ ಅಮ್ಮ

ತಾ.ಕ.: ಮರೆತು ಇಲ್ಲಿ ಬರೆಯುತ್ತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಸೋಮವಾರ ನೀನು ಫೋನ್ ಎತ್ತುವ ಮೊದಲೇ ಅದನ್ನು ಅವನ ಕಿವಿಗೆ ಹಿಡಿದುಬಿಟ್ಟಿದ್ದೆ. ಗಡಿಬಿಡಿಯಲ್ಲಿ ನಿನಗೆ ಹೇಳಬೇಕೆಂಬುದೇ ಹೊಳೆಯಲಿಲ್ಲ. ಕೇಳುತ್ತಿರುವುದು ನಾನೆಂದುಕೊಂಡು, "ಅಮ್ಮಾ, ಅವನು ಇನ್ನು ಏಳಲ್ಲ, ಆಸೆ ಬಿಡು, ಗ್ಯಾರೇಜು ಬೇರೆಯವರಿಗೆ ಕೊಟ್ಬಿಡೋಣ" ಎಂದೆಯಲ್ಲ, ಕೇಳಿದವನು ಅವನು. ಪಕ್ಕದಲ್ಲಿ ಬಗ್ಗಿ ನಿಂತಿದ್ದ ನನಗೂ ಕೇಳಿಸಿತು, ಬೇರೆ ಯಾರಿಗೂ ಇಲ್ಲ. ಫೋನ್ ಕಟ್ ಮಾಡಿದ್ದು ನಾನೇ. ಸೊಸೆಗೆ ಹೇಳಿಲ್ಲ, ಹೇಳುವುದೂ ಇಲ್ಲ. ಕಾಗದ ಸಿಕ್ಕ ಕೂಡಲೇ ಹೊರಡು. ಅವಳು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿರುವುದನ್ನು ನೀನೇ ಬಂದು ನಿಜ ಮಾಡಬೇಕು.